ಐದು ಎಚ್‌ಪಿ ಶ್ರುತಿ

ಸಿಂಧಘಟ್ಟದ ಪಕ್ಕದ ನಮ್ಮ ಊರಿನಲ್ಲಿ ಪೌರಾಣಿಕ ನಾಟಕದ ಹುಚ್ಚಿಲ್ಲದ ಮನೆಯೇ ಇರಲಿಲ್ಲ, ನಮ್ಮದೊಂದನ್ನು ಬಿಟ್ಟು. ತೊಂಬತ್ತರ ದಶಕದ ಮಾತು. ಸುಗ್ಗಿ ಮುಗಿದರೆ ಸಾಕು, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಮೂರು ತಿಂಗಳು ತಾಲೀಮು ನಡೆಸಿ, ಬಣ್ಣ ಬಳಿದುಕೊಂಡು ಸ್ಟೇಜು ಹತ್ತುತ್ತಿದ್ದರು. ಕಬ್ಬು ಕಡಿಯುವವನೂ ಒಂದು ರಾತ್ರಿಯ ಮಟ್ಟಿಗೆ ರಾಜ. ನನಗೆ ರಾಜನಾಗುವ ಆಸೆ ಇರಲಿಲ್ಲ. ಮೈಕಿನ ಮುಂದೆ ನಿಂತು, ಹಾರ್ಮೋನಿಯಂ ಜೊತೆ, ಒಂದೇ ಒಂದು ಹಾಡನ್ನು ಪೂರ್ತಿ ಹಾಡಬೇಕು, ಅಷ್ಟೆ. ಇಪ್ಪತ್ತೆರಡರ ವಯಸ್ಸಿನಲ್ಲಿ ನನ್ನ ವಾರಗೆಯವರು ಮೋಟರ್ ಬೈಕು ಕಂಡು ಬಾಯಿ ಬಿಡುತ್ತಿದ್ದರೆ ನಾನು ಇದಕ್ಕೆ ಬಾಯಿ ಬಿಡುತ್ತಿದ್ದೆ.

ಅಪ್ಪನಿಗೆ ಇದು ಸುತರಾಂ ಆಗುತ್ತಿರಲಿಲ್ಲ. “ನಿನ್ ಗಂಟ್ಲು ಎತ್ತು ಓಡ್ಸಾಕೆ ಸರಿ ಕಣ್ಲಾ, ಪದ ಹೇಳಾಕಲ್ಲ” ಎಂದು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದ. ಹಾಗಾಗಿ ನಾನು ಹಾಡುತ್ತಿದ್ದದ್ದು ಗದ್ದೆಯ ಮೋಟರ್ ಶೆಡ್ಡಿನಲ್ಲಿ. ಐದು ಎಚ್‌ಪಿ ಮೋಟರು. ಅದು ಓಡುವಾಗ ನಾನು ಎಷ್ಟು ಕಿರುಚಿದರೂ ಹೊರಗೆ ಒಂದು ನರಪಿಳ್ಳೆಗೆ ಕೇಳಿಸುತ್ತಿರಲಿಲ್ಲ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಎಂದು ಬೇರೆಯವರು ನೀರಿಗಾಗಿ ಕಾದರೆ ನಾನು ಹಾಡಿಗಾಗಿ ಕಾಯುತ್ತಿದ್ದೆ. ಮೋಟರಿನ ಗುಂಯ್ ಸದ್ದನ್ನೇ ಶ್ರುತಿ ಮಾಡಿಕೊಂಡು ಎರಡು ವರ್ಷ ಹಾಡಿದೆ.

ಪಾತ್ರ ಹಂಚುವ ದಿನ ಎದೆ ಉಬ್ಬಿಸಿಕೊಂಡು ಚಾವಡಿಗೆ ಹೋದೆ. ಮೇಷ್ಟ್ರು ನಾಗಮಂಗಲದವರು. ಒಣಕಲು ಮೈ, ಬಾಯಿ ತುಂಬ ಎಲೆ ಅಡಿಕೆ. ನಾನು ಹಾಡುತ್ತಿದ್ದರೆ ಅವರ ಬೆರಳು ಹಾರ್ಮೋನಿಯಂನ ಬಿಳಿ ಮನೆಯಿಂದ ಕಪ್ಪು ಮನೆಗೆ, ಕಪ್ಪಿನಿಂದ ಬಿಳಿಗೆ ಓಡಾಡಿ, ಕೊನೆಗೆ ನಿಂತೇಬಿಟ್ಟಿತು.

“ಇವ್ನು ಬಿಳಿ ಐದಕ್ಕೂ ಬರ್ನಿಲ್ಲ, ಕಪ್ಪು ನಾಕಕ್ಕೂ ಬರ್ನಿಲ್ಲ. ಎರಡ್ರು ಸಂದೀಲಿ ಅವ್ನೆ. ಅಲ್ಲೂ ನೆಟ್ಗೆ ನಿಲ್ದೆ ಜಾರ್ತಾವ್ನೆ. ಎಲ್ಲಪ್ಪ ಕಲ್ತೆ ಇದ?”

ಸುಳ್ಳು ಹೇಳಬಹುದಿತ್ತು. ಪೆದ್ದ ನಾನು, ನಿಜ ಹೇಳಿದೆ. “ಮೋಟರ್ ಜೊತೆ, ಸಾ.”

ಚಾವಡಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಮಾತ್ರ ನಗದೆ, “ಕರೆಂಟು ಡಲ್ ಆದಾಗ ಮೋಟ್ರು ಇಳೀತದೆ, ಅದ್ರು ಜೊತೇಲಿ ಇವ್ನೂ ಇಳಿಯಾದು ಕಲ್ತವ್ನೆ” ಎಂದರು. ಆ ವರ್ಷ ಈಟಿ ಹಿಡಿದು ನಿಲ್ಲುವ ದ್ವಾರಪಾಲಕನ ಪಾತ್ರ ಕೊಟ್ಟರು, ಒಂದು ಮಾತೂ ಇಲ್ಲದ್ದು. ಊರಿನಲ್ಲಿ ನನಗೆ ‘ಐದೆಚ್‌ಪಿ’ ಅಂತಲೇ ಹೆಸರಾಯಿತು. ಅಂಗಡಿಗೆ ಬೆಂಕಿಪೊಟ್ಟಣ ತರಲು ಹೋದರೂ “ಏನ್ಲಾ ಐದೆಚ್‌ಪಿ, ಕರೆಂಟ್ ಬಂತಾ?” ಎನ್ನುತ್ತಿದ್ದರು. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಈಗಲೂ ಆ ಸಿಟ್ಟು ಪೂರ್ತಿ ಹೋಗಿಲ್ಲ.

ನಾಟಕ ಮುಗಿದ ಮರುವಾರವೇ ಕೆ.ಆರ್.ಪೇಟೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ನಾಗಮಂಗಲಕ್ಕೆ, ಮೇಷ್ಟ್ರ ಮನೆಗೆ ಹೋದೆ. “ಕಲಿಸಿಕೊಡಿ” ಎಂದೆ. ಅವರು ಆರು ತಿಂಗಳು ‘ಸ’ ಒಂದನ್ನು ಬಿಟ್ಟು ಬೇರೆ ಸ್ವರ ಬಾಯಲ್ಲಿ ಹೇಳಿಸಲಿಲ್ಲ. ಅಲ್ಲಿ ಕೂತಾಗ ಸರಿಯಾಗೇ ಇರುತ್ತಿತ್ತು. ವಾಪಸು ಬರುವಾಗ ಬಸ್ಸಿನ ಇಂಜಿನ್ ಗುಂಯ್ ಅಂದ ಕೂಡಲೇ ನನ್ನ ಹಾಳು ಗಂಟಲು ಅದರ ಹಿಂದೆ ಹೋಗಿಬಿಡುತ್ತಿತ್ತು. ಊರು ಮುಟ್ಟುವಷ್ಟರಲ್ಲಿ ‘ಸ’ ಮಂಗಮಾಯ. ರೇಗಿ ಅರ್ಧ ದಾರಿಗೇ ಬಸ್ಸಿಳಿದು, ‘ಸ’ ಎನ್ನುತ್ತಾ ನಡೆದುಕೊಂಡು ಬರುತ್ತಿದ್ದೆ. ಎದುರು ಬಂದವರು ದಾರಿ ಬಿಟ್ಟು ಸರಿಯುತ್ತಿದ್ದರು.

ಎರಡನೇ ವರ್ಷವೂ ಕೈಗೆ ಅದೇ ಈಟಿ. ಆ ನಾಟಕ ಮುಗಿದ ಮೇಲೆ ಮೇಷ್ಟ್ರು ಹೆಗಲ ಮೇಲೆ ಕೈಯಿಟ್ಟು, “ಬುಟ್ಬುಡಪ್ಪ. ಎಲ್ಲಾರ್ಗೂ ಬರಾಕಿಲ್ಲ. ಸುಮ್ನೆ ಯಾಕೆ ಒದ್ದಾಡೀಯೆ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದರಲ್ಲ, ಅದು ಕರುಳಿಗೆ ತಾಕಿತು. ಒಂದೂವರೆ ತಿಂಗಳು ನಾಗಮಂಗಲದ ಕಡೆ ತಲೆ ಹಾಕಲಿಲ್ಲ. ಆದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಎತ್ತಿಗೆ ಹುಲ್ಲು ಹಾಕಿದ್ದೇನೋ ಇಲ್ಲವೋ ನೆನಪಿರುತ್ತಿರಲಿಲ್ಲ. ಇದೇನು ದರಿದ್ರದ ಹಠ ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ.

ಆಗ ಒಂದು ದಿನ ಮಾಕವಳ್ಳಿ ಫ್ಯಾಕ್ಟರಿಗೆ ಕಬ್ಬಿನ ಗಾಡಿ ಹೊಡೆದುಕೊಂಡು ಅಪ್ಪನೂ ನಾನೂ ಹೋದೆವು. ಉದ್ದಕ್ಕೂ ಸಾಲು. ಹಿಂದೆ ಮುಂದೆ ಟ್ರಾಕ್ಟರು, ಲಾರಿಗಳು ಗುರ್ ಎನ್ನುತ್ತಿವೆ. ನೊಗಕ್ಕೆ ಒರಗಿ ಸುಮ್ಮನೆ ಬಾಯಲ್ಲೇ ಏನೋ ಗುನುಗುತ್ತಿದ್ದೆ. ಪಕ್ಕದ ಟ್ರಾಕ್ಟರಿನವನು ಇಂಜಿನ್ ಏರಿಸಿದ. ನನ್ನ ‘ಸ’ ಅಲ್ಲಾಡಲಿಲ್ಲ. ಇಳಿಸಿದ. ಆಗಲೂ ಅಲ್ಲಾಡಲಿಲ್ಲ. “ಅಪ್ಪಾ, ಗಾಡಿ ನೋಡ್ಕೊ” ಎಂದವನೇ ರಸ್ತೆಗೆ ಓಡಿ, ಸಿಕ್ಕ ಬಸ್ಸು ಹತ್ತಿ, ನಾಗಮಂಗಲಕ್ಕೆ ಹೊರಟುಬಿಟ್ಟೆ. ಆ ದಿನವೂ ಮಾರನೆಯ ದಿನವೂ ಅಪ್ಪ ಒಬ್ಬನೇ ಸಾಲಿನಲ್ಲಿ ಕಾದು, ಒಬ್ಬನೇ ಕಬ್ಬಿಳಿಸಿ ಬಂದ. ಬಂದವನು ನನ್ನ ಜೊತೆ ಮಾತು ಬಿಟ್ಟ. ತಪ್ಪು ನನ್ನದೇ.

ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, “ಬಿಳಿ ನಾಕು. ಇನ್ನು ಇಲ್ಲೇ ಇರು, ಅಲ್ಲಾಡ್ಬೇಡ” ಎಂದರು. ಮೂರನೇ ವರ್ಷ ಒಂದು ಚಿಕ್ಕ ಸೇನಾಪತಿಯ ಪಾತ್ರ ಸಿಕ್ಕಿತು. ಯುದ್ಧಕ್ಕೆ ಹೊರಡುವ ಮುಂಚೆ ತಾಯಿಗೆ ಕೈಮುಗಿದು ಹಾಡುವುದು, ಹೋಗಿ ಸಾಯುವುದು.

ನನ್ನ ಸೀನು ಬರುವ ಹೊತ್ತಿಗೆ ಬೆಳಗಾಗುತ್ತಿತ್ತು. ಚಾಪೆಯ ಮೇಲೆ ಅರ್ಧ ಜನ ನಿದ್ದೆ. ಉಳಿದವರು ಹಾಲು ಕರೆದು ಡೈರಿಗೆ ಹಾಕಬೇಕೆಂದು ಏಳುತ್ತಿದ್ದರು. ಮಳೆ ಬರಲಿ, ಜ್ವರ ಬರಲಿ, ಡೈರಿ ತಪ್ಪಿಸಿದವನಲ್ಲ ನಮ್ಮಪ್ಪ. ಅವನೂ ಹಾಲಿನ ಕ್ಯಾನು ಹಿಡಿದು ಜನರ ಹಿಂದಿನಿಂದ ಹಾದು ಹೋಗುತ್ತಿದ್ದದ್ದು ಸ್ಟೇಜಿನ ಮೇಲಿಂದ ನನಗೆ ಕಂಡಿತು. ಯಾರೋ “ಸ್ಟಾರ್ಟರ್ ಒತ್ರಪ್ಪೋ” ಎಂದು ಕೂಗಿದರು. ನಾನು ಬಾಯಿ ತೆರೆದೆ.

ಹಾಡಿದೆ. ಎಲ್ಲೂ ಜಾರಲಿಲ್ಲ.

ನಮ್ಮ ಕಡೆ ಹಾಡು ಮೆಚ್ಚಿದರೆ ಜನ ‘ಒನ್ಸ್ ಮೋರ್’ ಎಂದು ಕೂಗಬೇಕು, ಹಾಡಿದವನು ಮತ್ತೆ ಹಾಡಬೇಕು. ಕಾದೆ. ಒಬ್ಬ ಕೆಮ್ಮಿದ. ಒಂದು ಮಗು ಅತ್ತಿತು. ಪರದೆ ಪಕ್ಕದಿಂದ “ಬಾರ್ಲಾ ಒಳೀಕೆ” ಎಂದು ಕರೆದರು. ನನಗೆ ಎಲ್ಲಿತ್ತೋ ಆ ರೋಷ. ಮೇಷ್ಟ್ರ ಕಡೆ ತಿರುಗಿ, “ಮೇಷ್ಟ್ರೇ, ಇನ್ನೊಂದ್ಸಲ” ಎಂದೆ.

“ಯಾರ್ಲಾ ಕೇಳುದ್ರು?”

“ನಾನೇ ಕೇಳ್ತಾವ್ನಿ.”

ಅವರು ನನ್ನ ಮುಖ ನೋಡಿದರು, ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದೂಡಿದರು, ಬಿಳಿ ನಾಲ್ಕು ಒತ್ತಿದರು. ಮೊದಲಿನಿಂದ ಕೊನೆಯವರೆಗೆ ಮತ್ತೆ ಹಾಡಿದೆ. ಈ ಸಲ ಯಾರು ಎದ್ದು ಹೋದರು, ಯಾರು ನಿದ್ದೆ ಹೋದರು ಎಂದು ನೋಡಲಿಲ್ಲ.

ಸತ್ತು, ಬಣ್ಣ ಒರೆಸಿಕೊಂಡು ಹೊರಗೆ ಬಂದಾಗ ಬಿಸಿಲು ಬಿದ್ದಿತ್ತು. ಸ್ಟೇಜಿನ ಪಕ್ಕದ ಹುಣಸೆ ಮರದಡಿ ಅಪ್ಪ ನಿಂತಿದ್ದ. ಕೈಯಲ್ಲಿ ಕ್ಯಾನು, ಕ್ಯಾನಿನ ತುಂಬ ಹಾಲು.

“ಡೈರಿ ಬಾಗ್ಲಾಕ್ಬುಟ್ರು ಕಣ್ಲಾ” ಎಂದ. ಕಬ್ಬಿನ ಸಾಲಿನಿಂದ ನಾನು ಓಡಿಹೋದ ಮೇಲೆ ಅವನು ಆಡಿದ ಮೊದಲ ಮಾತು ಅದು. ಕ್ಯಾನನ್ನು ನನ್ನ ಕೈಗೆ ಕೊಟ್ಟು ಮುಂದೆ ಮುಂದೆ ನಡೆದ. ಅವ್ವ ಅಷ್ಟೂ ಹಾಲನ್ನು ಕಾಯಿಸಿ ಹೆಪ್ಪು ಹಾಕಿದಳು.