ಗೋದಾವರಿಬಾಯಿಯ ಕೊಳದ ತಪಾಸಣೆ

ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಗೋದಾವರಿಬಾಯಿ ಮೂವತ್ತೊಂದು ವರ್ಷ ತಪಾಸಣೆ ವಿಭಾಗದಲ್ಲಿದ್ದರು. ಭೂತಗನ್ನಡಿ ಹಿಡಿದು ಬೆಸುಗೆಯ ಚುಕ್ಕೆಗಳನ್ನು ನೋಡುವುದು, ಕೆಟ್ಟದ್ದನ್ನು ವಾಪಸ್ ಕಳಿಸುವುದು ಅವರ ಕೆಲಸ. ನಿವೃತ್ತಿಯಾದ ಮೇಲೆ ವಾಪಸ್ ಕಳಿಸಲು ಬೇರೇನೂ ಸಿಗದೆ, ಗಂಡ ವಾಸುದೇವರಾಯರು ತಂದ ಬದನೆಕಾಯಿಗಳನ್ನು ಕಳಿಸತೊಡಗಿದರು. ರಾಯರೇ ಒಂದು ಉಪಾಯ ಹುಡುಕಿ, ಹಿತ್ತಲಲ್ಲಿ ಮಂಚದಷ್ಟು ಅಗಲದ ಕೊಳ ಕಟ್ಟಿಸಿಕೊಟ್ಟರು. ಬೇಗಂಪೇಟೆಯಿಂದ ಎಂಟು ಬಂಗಾರದ ಮೀನು, ಎರಡು ಕುಂಡ ನೈದಿಲೆ ಬಂದವು.

ತಿಂಗಳೊಳಗೆ ನೀರು ಪಾಲಕ್ ಸಾರಿನಂತಾಯಿತು. ಗೋದಾವರಿಬಾಯಿ ಸೆರಗು ಸಿಕ್ಕಿಸಿ, ಮೀನುಗಳನ್ನು ಬಕೆಟ್ಟಿಗೆ ತೆಗೆದು, ಇದ್ದ ನೀರನ್ನೆಲ್ಲ ಚೆಲ್ಲಿ, ಗೋಡೆ ಉಜ್ಜಿ, ನಲ್ಲಿಯ ನೀರು ತುಂಬಿ ಮೀನು ಬಿಟ್ಟರು. ಮರುದಿನ ಎರಡು ಮೀನು ಸತ್ತು ತೇಲುತ್ತಿದ್ದವು. ಕರಿಬೇವಿನ ಬುಡದಲ್ಲಿ ಅವನ್ನು ಹೂತು ಬಂದವರು ಅಂದು ಚಹಾ ಕೂಡ ಮುಟ್ಟಲಿಲ್ಲ.

ಮೀನುಗಾರಿಕೆ ಇಲಾಖೆಯಿಂದ ನಿವೃತ್ತರಾಗಿದ್ದ ಪಕ್ಕದ ಮನೆಯ ಶಾಂತಪ್ಪ ಕಾಂಪೌಂಡ್ ಮೇಲಿಂದ ಇಣುಕಿದರು.

"ನಲ್ಲಿ ನೀರಾಗ ಔಷಧ ಇರ್ತೈತ್ರೀ ಬಾಯಾರ. ಡ್ರಮ್ಮಿನ್ಯಾಗ ತುಂಬಿ ಒಂದ್ ದಿನ ಬಿಸಿಲಿಗಿಟ್ಟು ಹಾಕ್ರಿ. ಒಮ್ಮೆಲೇ ಎಲ್ಲಾ ಬದಲ ಮಾಡಬ್ಯಾಡ್ರಿ, ವಾರಕ್ಕ ಒಂದೀಟು ಸಾಕು. ಮತ್ತ ಕಾಳು ಕಡಿಮಿ ಹಾಕ್ರಿ. ಉಳಿದದ್ದು ಕೊಳತು ಪಾಚಿ ಬೆಳಿತೈತಿ."

"ಮುಂಜಾನೆ ಒಂದ್ ಚಿಟಿಕಿ ಹಾಕ್ತೀನ್ರೀ, ಅಷ್ಟ!"

ನೀರಿನ ಬಗ್ಗೆ ಶಾಂತಪ್ಪ ಹೇಳಿದ್ದನ್ನು ಗೋದಾವರಿಬಾಯಿ ಅಕ್ಷರಶಃ ಪಾಲಿಸಿದರು. ಆದರೂ ಹಸಿರು ಮರಳಿತು. ಮೀನುಗಳ ಹೊಟ್ಟೆ ಬೇರೆ ದುಂಡಗಾಗುತ್ತಿತ್ತು. ಅನುಮಾನ ಬಂದು, ಒಂದು ದಿನ ಅಡುಗೆಮನೆ ಕಿಟಕಿಯ ಪರದೆ ಹಿಂದೆ ಸ್ಟೂಲ್ ಹಾಕಿಕೊಂಡು ಕೂತರು.

ಒಂಬತ್ತಕ್ಕೆ ರಾಯರು ಬಂದು ಚಪಾತಿ ಚೂರು ಹಾಕಿದರು. ಹನ್ನೊಂದಕ್ಕೆ ಹಿಂದಿನ ಮನೆಯ ಶಿವಗಂಗಾ ಮಹಡಿಗೆ ಬಟ್ಟೆ ಒಣಹಾಕಲು ಬಂದವಳು ಅಲ್ಲಿಂದಲೇ ಅನ್ನದ ಉಂಡೆ ಎಸೆದಳು. ಗುರಿ ತಪ್ಪಲಿಲ್ಲ. ನಾಲ್ಕಕ್ಕೆ ಕಾಂಪೌಂಡ್ ಮೇಲೆ ಒಂದು ಮುಷ್ಟಿ ಮೂಡಿ, ಬಿಚ್ಚಿಕೊಂಡು, ಚುರುಮುರಿ ಸುರಿಯಿತು. ಶಾಂತಪ್ಪನವರ ಕೈ!

ಸಂಜೆ ಮೂವರನ್ನೂ ಚಹಾಕ್ಕೆ ಕರೆದು ವಿಚಾರಣೆ ಶುರುಮಾಡಿದರು.

"ಬಾಯಿ ತಗದು ನನ್ನ ಮಾರೀನ ನೋಡ್ತಾವು. ಹಸದಾವು ಅಂತ ತಿಳಕೊಂಡೆ," ಎಂದರು ರಾಯರು.

"ನನಗೂ ಹಂಗ ಅನಸ್ತು ವೈನಿ," ಎಂದಳು ಶಿವಗಂಗಾ.

"ಮತ್ತ ನೀವು, ಶಾಂತಪ್ಪನವರ?"

"ಇಲಾಖೆದಾಗ ಇರೂತನಾ ನಿಯಮ ಪಾಲಿಸೀನ್ರೀ. ಈಗ ರಿಟೈರ್ ಆಗೀನಲ್ಲ!"

ಗಟ್ಟಿ ಮುಖ ಮಾಡಿದ್ದ ಗೋದಾವರಿಬಾಯಿಗೆ ನಗು ತಡೆಯಲಾಗಲಿಲ್ಲ. ಊಟ ತಮ್ಮ ಕೈಯಿಂದ ಮಾತ್ರ, ಉಳಿದವರು ಬರಿಗೈಯಲ್ಲಿ ಬರಬಹುದು ಎಂದು ತೀರ್ಪು ಕೊಟ್ಟರು. ತಪ್ಪಿಗೆ ಪ್ರಾಯಶ್ಚಿತ್ತವೆಂದು ಶಾಂತಪ್ಪ ಇನ್ನೂ ಮೂರು ಕುಂಡ ನೈದಿಲೆ ತಂದರು. ಎಲೆಗಳು ಹರಡಿ ನೀರಿಗೆ ನೆರಳಾಯಿತು.

ತಿಂಗಳು ಕಳೆಯುವಷ್ಟರಲ್ಲಿ ಕೊಳದ ತಳ ಕಾಣಿಸಿತು. ಆಮೇಲೊಂದು ಬೆಳಿಗ್ಗೆ ಎಲೆಯ ಮರೆಯಲ್ಲಿ ಜೀರಿಗೆ ಕಾಳಿನಂಥ ಮರಿಗಳು! ಗೋದಾವರಿಬಾಯಿ ಹಾಕಿದ ಕೂಗಿಗೆ ಶಿವಗಂಗಾ ಒದ್ದೆ ಬಟ್ಟೆ ಹಿಡಿದೇ ಓಡಿಬಂದಳು.

ಈಗ ಸಂಜೆಯಾದರೆ ನಾಲ್ವರೂ ಕೊಳದ ಸುತ್ತ ಕುರ್ಚಿ ಹಾಕುತ್ತಾರೆ. ಮೀನುಗಳು ಬಾಯಿ ತೆರೆದು ಮೇಲೆ ಬಂದಾಗ ರಾಯರು ಎರಡೂ ಅಂಗೈ ಬಿಚ್ಚಿ ತೋರಿಸುತ್ತಾರೆ.

"ಇಲ್ಲಿ ನಂದೇನೂ ನಡಿಯಂಗಿಲ್ರಪಾ."