ಮೂರನೇ ಸಾಲಿನ ಅತ್ತೆ

ನನ್ನ ಅಳಿಯನನ್ನು ಕೆಲಸದಿಂದ ಕಿತ್ತುಹಾಕಬೇಕು ಎಂದು ಇಬ್ಬರು ತೀರ್ಮಾನ ಮಾಡಿದ್ದು ನನ್ನದೇ ಕಾರಿನಲ್ಲಿ, ನಾನೇ ಕರಿದ ಚಕ್ಕುಲಿ ತಿನ್ನುತ್ತಾ. ಕಾರು ಓಡಿಸುತ್ತಿದ್ದವಳೂ ನಾನೇ. ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲೀಸಿಗೆ ಹೋಗುವ ಫ್ರೀವೇ ಶುಕ್ರವಾರ ಮಧ್ಯಾಹ್ನ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸ್ಯಾನ್ ಕ್ಲೆಮೆಂಟೆ ದಾಟುವ ಮೊದಲೇ ಎಲ್ಲ ಲೇನುಗಳೂ ನಿಂತುಬಿಟ್ಟಿದ್ದವು. ನಾನು ಇಳಿದು ಹೋಗುವ ಹಾಗಿಲ್ಲ, ಅವರನ್ನು ಇಳಿಸುವ ಹಾಗೂ ಇಲ್ಲ.

ಅವನು ನನ್ನ ಅಳಿಯ ಎಂದು ಆ ಇಬ್ಬರಿಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವಳು ನಾನು.

ಮಗಳು ಮದುವೆಯಾದದ್ದು ಇಲ್ಲಿಯದೇ ಹುಡುಗನನ್ನು. ಸ್ಯಾನ್ ಡಿಯಾಗೋದ ಒಂದು ಕಾಲೇಜಿನ ಬೇಸ್‌ಬಾಲ್ ತಂಡದಲ್ಲಿ ಅವನು ಅಸಿಸ್ಟೆಂಟ್ ಕೋಚ್. ಚೆಂಡು ಎಸೆಯುವ ಹುಡುಗರಿಗೆ, ಅಂದರೆ ಪಿಚರ್‌ಗಳಿಗೆ, ಕಲಿಸುವುದು ಅವನ ಕೆಲಸ. ಅವನು ಅಮೆರಿಕದವನು ಎಂಬುದು ನನಗೆ ದೊಡ್ಡ ಸಂಗತಿಯಾಗಲಿಲ್ಲ, ಆ ಕಾಲ ಮುಗಿದಿದೆ. ನನಗೆ ಚುಚ್ಚಿದ್ದು ಅವನ ಉದ್ಯೋಗ. ಊರ ಕಡೆಯ ಹೆಂಗಸರು ಸೇರಿದಲ್ಲಿ 'ಅಳಿಯ ಎಂತ ಮಾಡುವುದು?' ಎಂದು ಕೇಳಿದರೆ 'ಚೆಂಡು ಬಿಸಾಡಲಿಕ್ಕೆ ಹೇಳಿಕೊಡುವುದು' ಎಂದು ಹೇಗೆ ಹೇಳಲಿ? ಒಬ್ಬಳ ಅಳಿಯ ಸೊರೆಂಟೊ ವ್ಯಾಲಿಯಲ್ಲಿ ಕಂಪ್ಯೂಟರ್ ಚಿಪ್ ಮಾಡುತ್ತಾನೆ, ಇನ್ನೊಬ್ಬಳ ಅಳಿಯ ಹೃದಯದ ಡಾಕ್ಟರು. ನಾನು 'ಯೂನಿವರ್ಸಿಟಿಯಲ್ಲಿದ್ದಾನೆ' ಎನ್ನುತ್ತಿದ್ದೆ. ಕೇಳಿದವರು ಪ್ರೊಫೆಸರ್ ಎಂದುಕೊಳ್ಳುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ಸುಳ್ಳನ್ನಂತೂ ಹೇಳಲಿಲ್ಲವಲ್ಲ ಎಂದು ನನ್ನಷ್ಟಕ್ಕೆ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕೋವಿಡ್ ವರ್ಷದಲ್ಲಿ ಮೊಮ್ಮಗಳು ಹುಟ್ಟಿದಳು. ಮೊದಲ ಎರಡು ತಿಂಗಳು ಅವಳನ್ನು ಕಿಟಕಿಯ ಗಾಜಿನ ಆಚೆಯಿಂದ ನೋಡಿದ್ದು. ಆ ಸಂಕಟ ತಡೆಯಲಾರದೆ ನಾನೂ ನನ್ನವರೂ ಲಾಸ್ ಏಂಜಲೀಸ್ ಬಂದರಿನ ಪಕ್ಕದ ಸ್ಯಾನ್ ಪೀಡ್ರೊದಲ್ಲಿದ್ದ ಮನೆ ಮಾರಿ, ಮಗಳಿಗೆ ಹತ್ತಿರವಾಗಲೆಂದು ಸ್ಯಾನ್ ಡಿಯಾಗೋದ ಕರ್ನಿ ಮೆಸಾದ ಪಕ್ಕಕ್ಕೆ ಬಂದೆವು. ನನ್ನ ಕೆಲಸ ಮಾತ್ರ ಸ್ಯಾನ್ ಪೀಡ್ರೊದಲ್ಲೇ ಉಳಿಯಿತು. ಬಂದರಿಗೆ ಬರುವ ಸರಕಿನ ಕಾಗದಪತ್ರ ನೋಡುವ ಆಫೀಸು, ವಾರಕ್ಕೆರಡು ದಿನ ಹೋಗಿ ಬರುವುದು. ಮೊಮ್ಮಗಳ ಕೈ ಹಿಡಿದು ಪಾರ್ಕಿಗೆ ಹೋಗುವ ಭಾಗ್ಯಕ್ಕೆ ಆ ಫ್ರೀವೇ ಏನೂ ಅಲ್ಲ ಅನಿಸುತ್ತಿತ್ತು.

ಸ್ಟೇಡಿಯಂ ಮತ್ತೆ ತೆರೆದಾಗ ಅಳಿಯ ಒಂದು ಸೀಸನ್ ಪಾಸ್ ತಂದುಕೊಟ್ಟ. ಮಗು ಚಿಕ್ಕದು, ಮಗಳು ಬರುವ ಹಾಗಿರಲಿಲ್ಲ. ನನ್ನವರಿಗೆ ಆಟ ಶುರುವಾಗಿ ಐದು ನಿಮಿಷಕ್ಕೆ ನಿದ್ದೆ. ನಾನೊಬ್ಬಳೇ ಹೋದೆ. ನಮ್ಮ ತಂಡದವರು ಕೂರುವ ಡಗ್‌ಔಟಿನ ಹಿಂದೆ, ಮೂರನೇ ಸಾಲಿನಲ್ಲಿ ಕನ್ನಡ ಕೇಳಿಸಿತು. ಅಲ್ಲೇ ಹೋಗಿ ಕೂತೆ. ಒಬ್ಬ ಬೆಂಗಳೂರಿನ ಟೆಲಿಕಾಂ ಎಂಜಿನಿಯರ್, ಮಗಳಿಗಿಂತ ಹತ್ತು ವರ್ಷ ದೊಡ್ಡವನಿರಬಹುದು. ಇನ್ನೊಬ್ಬರು ಹುಬ್ಬಳ್ಳಿಯ ಹಿರಿಯರು. ಲಾಕ್‌ಡೌನಿನಲ್ಲಿ ಮಗನ ಮನೆಯ ಟಿವಿ ನೋಡಿ ನೋಡಿ ಬೇಸ್‌ಬಾಲ್ ಕಲಿತವರು, ಪ್ರತಿ ಎಸೆತವನ್ನೂ ಪೆನ್ಸಿಲಿನಲ್ಲಿ ಬರೆದಿಡುವವರು. ಮೂರನೇ ಇನ್ನಿಂಗ್ಸಿನಲ್ಲಿ ನಮ್ಮ ಪಿಚರ್ ಚೆನ್ನಾಗಿ ಹೊಡೆಸಿಕೊಂಡ. ಅಳಿಯ ಡಗ್‌ಔಟಿನಿಂದ ಎದ್ದು, ತಲೆ ತಗ್ಗಿಸಿ, ಮೈದಾನದ ನಡುವೆ ಪಿಚರ್ ನಿಲ್ಲುವ ಮಣ್ಣಿನ ದಿಬ್ಬಕ್ಕೆ ನಡೆದ.

"ಬಂದಾ ನೋಡ್ರಿ ಪುಣ್ಯಾತ್ಮ. ಇಂವಾ ಹೋಗಿ ಮಾತಾಡಿದ ಮ್ಯಾಲೆ ಇನ್ನೂ ಎರಡು ಹೊಡೀತಾರ" ಎಂದರು ಹಿರಿಯರು.

ಆಗಲೇ 'ಅವನು ನನ್ನ ಅಳಿಯ' ಎನ್ನಬೇಕಿತ್ತು. ಅಷ್ಟರಲ್ಲಿ ಎಂಜಿನಿಯರ್ ಕೇಳಿದ, "ಆಂಟಿ, ನಿಮ್ಗೆ ಇಲ್ಲಿ ಯಾರಿದಾರೆ?"

"ಮಗಳು ಉಂಟು. ಅಳಿಯ ಯೂನಿವರ್ಸಿಟಿಯಲ್ಲಿ" ಎಂದೆ. ನಾಲಿಗೆಗೆ ರೂಢಿಯಾಗಿಹೋಗಿತ್ತು.

ಹೀಗೆ ಮೂರು ವರ್ಷ. ಅವರ ಜೊತೆ ಕೂರುವುದು ನನಗೆ ಇಷ್ಟವಾಗಿತ್ತು, ಅದೇ ಕಷ್ಟ. ವಾರವಿಡೀ ಇಂಗ್ಲಿಷಿನಲ್ಲಿ ನಗಾಡಿ ಸುಸ್ತಾದವಳಿಗೆ ಆ ಬೆಂಚು ಬೇಕಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಿದ್ದೆ, ನುಂಗಲಾರೆ, ಉಗುಳಲಾರೆ.

ನಾಲ್ಕನೇ ವರ್ಷ ಹೆಡ್ ಕೋಚ್ ಇದು ತಮ್ಮ ಕೊನೆಯ ಸೀಸನ್ ಎಂದು ಹೇಳಿಬಿಟ್ಟರು. ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಾ, ಹುಡುಗರ ಬೆನ್ನು ತಟ್ಟುತ್ತಾ ದಶಕಗಟ್ಟಲೆ ಅಲ್ಲೇ ನಿಂತಿದ್ದ ಮುದುಕ. ಅಭಿಮಾನಿಗಳ ಆನ್‌ಲೈನ್ ಫೋರಮ್ಮಿನಲ್ಲಿ ಗದ್ದಲ ಶುರುವಾಯಿತು. ಮುಂದೆ ಯಾರು? ಎಂಜಿನಿಯರಿಗೆ ಲಾಸ್ ಏಂಜಲೀಸಿನ ಕಾಲೇಜೊಂದರ ಕೋಚ್ ಬೇಕು. ಹಿರಿಯರಿಗೆ ಇದೇ ಕಾಲೇಜಿನಲ್ಲಿ ಹಿಂದೆ ಆಡಿದ್ದವನೊಬ್ಬ ಬೇಕು, "ಮನಿ ಮಗಾ ಅಂದ್ರ ಮನಿ ಮಗಾನ" ಎನ್ನುತ್ತಿದ್ದರು. ಇಬ್ಬರೂ ಹಾವು ಮುಂಗುಸಿಯ ಹಾಗೆ ಕಾದಾಡುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಒಮ್ಮತ: ಪಿಚಿಂಗ್ ಕೋಚ್, ಅಂದರೆ ನನ್ನ ಅಳಿಯ, ಬೇಡವೇ ಬೇಡ.

ಅಳಿಯನೂ ಅಪ್ಲೈ ಮಾಡಿದ್ದ. ಹೊಸಬ ಬಂದರೆ ತನ್ನ ಜನರನ್ನೇ ಕರೆತರುತ್ತಾನೆ, ಹಳಬರೆಲ್ಲ ಗಂಟುಮೂಟೆ ಕಟ್ಟಬೇಕು, ಈ ಕೆಲಸದ ರೀತಿಯೇ ಹಾಗೆ ಎಂದು ಮಗಳು ಅಡುಗೆಮನೆಯಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲಿಗೆ ಎಂದು ಕೇಳಿದೆ. ಎಲ್ಲಿ ಸಿಕ್ಕಿದರೆ ಅಲ್ಲಿಗೆ, ಬಹುಶಃ ಒಕ್ಲಹೋಮ ಎಂದಳು. ವಿಮಾನದಲ್ಲೇ ಹೋಗಬೇಕಾದಷ್ಟು ದೂರ. ಮೊಮ್ಮಗಳು ಮೇಜಿನ ಕೆಳಗೆ ಕೂತು ನನ್ನ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ಅವತ್ತು ಫೋರಮ್ಮಿನಲ್ಲಿ ಹೆಸರಿಲ್ಲದ ಖಾತೆ ತೆರೆದು ನಾನೂ ಬರೆದೆ. ಬೇಸ್‌ಬಾಲ್ ಬಗ್ಗೆ ಬರೆಯುವಷ್ಟು ನನಗೆ ಗೊತ್ತಿಲ್ಲ. ಒಬ್ಬ ಹುಡುಗನ ಬಗ್ಗೆ ಒಳ್ಳೆಯ ಮಾತು ಬರೆಯುವುದೆಂದರೆ ನನಗೆ ಗೊತ್ತಿದ್ದದ್ದು ಒಂದೇ ರೀತಿ, ಹುಡುಗಿಯ ಕಡೆಯವರಿಗೆ ಬರೆಯುವ ರೀತಿ. ಕುಡಿಯುವುದಿಲ್ಲ, ಸಿಗರೇಟಿಲ್ಲ. ತಂದೆ ಒಂದೇ ಶಾಲೆಯಲ್ಲಿ ಕೊನೆಯವರೆಗೆ ಮೇಷ್ಟರಾಗಿದ್ದವರು, ಮರ್ಯಾದಸ್ಥ ಕುಟುಂಬ. ಹಿರಿಯರೆದುರು ಕಾಲು ಚಾಚಿ ಕೂರುವವನಲ್ಲ. ಊಟವಾದ ಮೇಲೆ ಎಲ್ಲರ ಪಾತ್ರೆ ತಾನೇ ತೊಳೆಯುತ್ತಾನೆ, ಸಿಂಕನ್ನು ಬಟ್ಟೆಯಿಂದ ಒರೆಸಿಯೂ ಇಡುತ್ತಾನೆ. ಇಂಗ್ಲಿಷಿನಲ್ಲಿ ನೀಟಾಗಿ ಬರೆದು, ಎರಡು ಸಲ ಓದಿ ಹಾಕಿದೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡಿದ್ದೆ.

ಆ ಶುಕ್ರವಾರ ಲಾಸ್ ಏಂಜಲೀಸಿನಲ್ಲಿ ಪಂದ್ಯ. ನನಗೆ ಆ ರಸ್ತೆ ಅಂಗೈ ರೇಖೆಯಷ್ಟು ಪರಿಚಿತ. ಹಾಗಾಗಿ ನಾನೇ ಡ್ರೈವ್ ಮಾಡುತ್ತೇನೆ ಎಂದಿದ್ದೆ. ಕಾರುಗಳ ಕೆಂಪು ದೀಪಗಳ ಹಿಂದೆ ನಿಂತಿದ್ದಾಗ, ಪಿಚಿಂಗ್ ಕೋಚನ್ನು ಕೆಲಸದಿಂದಲೇ ಕಿತ್ತುಹಾಕಬೇಕು ಎಂದು ಇಬ್ಬರೂ ತೀರ್ಮಾನಿಸಿದರು. ಆಮೇಲೆ ಎಂಜಿನಿಯರ್ ಫೋನ್ ನೋಡಿ ನಗತೊಡಗಿದ.

"ಆಂಟಿ, ಇದನ್ನ ಕೇಳ್ಲೇಬೇಕು ನೀವು. ಪಿಚಿಂಗ್ ಕೋಚ್ ಬಗ್ಗೆ ಯಾರೋ ಬರ್ದಿದಾರೆ. ಪಾತ್ರೆ ತೊಳೀತಾನಂತೆ." ಇಡೀ ಬರಹವನ್ನು ಗಟ್ಟಿಯಾಗಿ ಓದಿದ. ಕೆಳಗೆ ಜನ ಬರೆದ ಕುಹಕವನ್ನೂ ಓದಿದ. ಪಿಚರ್‌ಗಳು ಹೊಡೆಸಿಕೊಂಡರೇನು, ಸಿಂಕ್ ಸ್ವಚ್ಛವಾಗಿದೆಯಲ್ಲ ಎಂದು ಒಬ್ಬ ಬರೆದಿದ್ದ.

ಹಿರಿಯರು ನಗಲಿಲ್ಲ. ಹಿಂದಿನ ಸೀಟಿನಲ್ಲಿ ಚಕ್ಕುಲಿ ಮುರಿಯುವ ಸದ್ದು ನಿಂತಿತು. "ತಮ್ಮಾ, ಇದು ಇಲ್ಲಿಯವ್ರು ಬರದದ್ದಲ್ಲ. ನಮ್ಮ ಮಂದಿ ಬರದದ್ದು. ವರಾ ತೋರಿಸಿದಂಗ ಅದ. ನಮ್ಮ ಪೈಕಿ ಯಾರೋ ಇಂವಗ ಮಗಳನ್ನ ಕೊಟ್ಟಾರ."

"ಹೌದಲ್ವಾ" ಎಂದ ಎಂಜಿನಿಯರ್. "ಯಾರಿರ್ಬಹುದು ಆಂಟಿ? ನಿಮ್ಗೆ ಎಲ್ಲರೂ ಗೊತ್ತಲ್ಲ."

ಕಳ್ಳನ ಮನಸ್ಸು ಹುಳ್ಳಹುಳ್ಳಗೆ.  ಎಡಕ್ಕೆ ಕಾಂಕ್ರೀಟ್ ಗೋಡೆ, ಬಲಕ್ಕೆ ಲಾರಿ. ಕನ್ನಡಿಯಲ್ಲಿ ಹಿರಿಯರ ಕಣ್ಣು ನನ್ನ ಮೇಲೇ ಇದ್ದಂತೆ ಕಂಡಿತು.

"ನಂಗೆ ಗೊತ್ತಿಲ್ಲ ಮಾರಾಯಾ" ಎಂದೆ. "ಯಾರಾದ್ರೆ ನಮಗೆಂತ? ಇನ್ನೊಂದು ಚಕ್ಕುಲಿ ತಗೊ."

ಅಷ್ಟಕ್ಕೇ ಮುಗಿಯಲಿಲ್ಲ. ಪಂದ್ಯದ ಏಳನೇ ಇನ್ನಿಂಗ್ಸಿನಲ್ಲಿ ನಮ್ಮ ಪಿಚರ್ ಮೂರು ಓಟ ಬಿಟ್ಟುಕೊಟ್ಟ. ಅಳಿಯ ದಿಬ್ಬಕ್ಕೆ ಹೋಗಿ ತಿರುಗಿ ಬರುವಾಗ ನಮ್ಮ ಸುತ್ತ ಕೂತಿದ್ದ ಸ್ಯಾನ್ ಡಿಯಾಗೋದ ಅಭಿಮಾನಿಗಳೆಲ್ಲ ಎದ್ದು 'ಬೂ' ಎಂದು ಕೂಗಿದರು. ಎಂಜಿನಿಯರ್ ಕೂಗಿದ. ಹಿರಿಯರು ನನ್ನ ಕಡೆ ನೋಡಿದರು. ಕಾರಿನ ಮಾತು ಇನ್ನೂ ಅವರ ತಲೆಯಲ್ಲಿದೆ ಅನಿಸಿ ನಾನು ಹೆದರಿಹೋದೆ. ನಾನೂ ಎದ್ದು ನಿಂತು 'ಬೂ' ಎಂದೆ. ಅವನು ಹದಿನೈದು ಅಡಿ ದೂರದಲ್ಲಿ, ಟೋಪಿಯ ಅಂಚಿನ ಕೆಳಗೆ ನೆಲ ನೋಡುತ್ತಾ ಮೆಟ್ಟಿಲಿಳಿದು ಡಗ್‌ಔಟಿನೊಳಗೆ ಹೋದ. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಸೀಸನ್ನಿನ ಕೊನೆಯ ವಾರ ಹೊಸ ಕೋಚ್ ಯಾರೆಂದು ಕಾಲೇಜು ಹೇಳಿತು. ಎಂಜಿನಿಯರ್ ಬಯಸಿದವನೂ ಅಲ್ಲ, ಹಿರಿಯರ ಮನಿ ಮಗನೂ ಅಲ್ಲ, ಯಾರೂ ಊಹಿಸದ ಮೂರನೆಯವನು. ಅಳಿಯನಿಗೆ ಒಕ್ಲಹೋಮದಿಂದ ಕರೆ ಬಂದಿತ್ತು. ಮಗುವಿನ ಬಟ್ಟೆ ಮಡಚಲು ಮಗಳ ಮನೆಗೆ ಹೋದೆ. ನಾನೇ ಬಾಯಿ ಬಿಟ್ಟೆ: ಫೋರಮ್ಮಿನಲ್ಲಿ ಬರೆದವಳು ನಾನು, ಅವನನ್ನು ನಗೆಪಾಟಲು ಮಾಡಿದವಳು ನಾನು.

ಗೊತ್ತು ಎಂದಳು ಮಗಳು. ಸಿಂಕ್ ಒರೆಸುವ ಸಾಲು ಓದಿದ ಕೂಡಲೇ ಅವನಿಗೆ ಗೊತ್ತಾಯಿತಂತೆ. ಅದನ್ನು ಪ್ರಿಂಟ್ ತೆಗೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದಾನಂತೆ.

 ಅವಳು ಮಗುವಿನ ಕಾಲುಚೀಲ ಜೋಡಿಸುತ್ತಾ ಇನ್ನೊಂದು ಹೇಳಿದಳು. ನಾನು ಮೂರನೇ ಸಾಲಿನಲ್ಲಿ ಕೂರುವುದು ಅವನಿಗೆ ಮೊದಲ ದಿನದಿಂದಲೇ ಗೊತ್ತು. ಅಂದು ಮನೆಗೆ ಬಂದು, ನಿನ್ನ ಅಮ್ಮನಿಗೆ ಕೈ ಬೀಸಬೇಕೆಂದಿದ್ದೆ, ಪಕ್ಕದಲ್ಲಿ ಯಾರೋ ಇದ್ದರು ಎಂದನಂತೆ. ಅಮ್ಮ ತನ್ನ ಜನರಿಗೆ ನಿನ್ನ ಕೆಲಸ ಹೇಳಿಲ್ಲ, ಆ ಕಡೆ ನೋಡಬೇಡ, ಅವಳಿಗೆ ಮುಜುಗರವಾಗುತ್ತದೆ ಎಂದು ಇವಳೇ ತಿಳಿಸಿದ್ದಳು. ಅವನು ಸರಿ ಎಂದನಂತೆ. ಅಷ್ಟೇ, ಮತ್ತೆ ಆ ವಿಷಯ ಎತ್ತಿಲ್ಲ. ಲಾಸ್ ಏಂಜಲೀಸಿನ ಪಂದ್ಯದ ಬಗ್ಗೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಕೊನೆಯ ಪಂದ್ಯ ನಮ್ಮಲ್ಲೇ, ಭಾನುವಾರ ಮಧ್ಯಾಹ್ನ. ಹಳೆಯ ಕೋಚ್‌ಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರೂ ಕೂತ ಮೇಲೆ ನಾನು ಪಕ್ಕದ ಇಬ್ಬರಿಗೂ ಹೇಳಿದೆ: "ಆ ಪಿಚಿಂಗ್ ಕೋಚ್ ಉಂಟಲ್ಲ, ಅವ ನನ್ನ ಅಳಿಯ. ಬರೆದದ್ದೂ ನಾನೇ."

 ಎಂಜಿನಿಯರನ ಕಿವಿ ಕೆಂಪಾಯಿತು. ಹಿರಿಯರು ಪೆನ್ಸಿಲನ್ನು ಪುಸ್ತಕದ ನಡುವೆ ಇಟ್ಟರು. "ಕಾರಿನಾಗ ನನಗ ಸಂಶಯ ಬಂದಿತ್ತು" ಎಂದರು. "ಖರೇ ಹೇಳಿದ್ರ ನಾವು ಬಾಯಿ ಮುಚ್ಚಿಕೊಂಡು ಕೂಡತಿದ್ವಿ ತಂಗಿ. ಇಷ್ಟು ವರ್ಷ ನಮ್ಮ ಬಾಯಿಂದ ನಿನ್ನ ಅಳಿಯಗ ಬೈಸಿದಿ."

 ಎಂಟನೇ ಇನ್ನಿಂಗ್ಸಿನಲ್ಲಿ ಅಳಿಯ ಕೊನೆಯ ಸಲ ದಿಬ್ಬಕ್ಕೆ ನಡೆದ. ಹುಡುಗನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿ ತಿರುಗಿದ. ನಾನು ಎದ್ದು ನಿಂತೆ. ಕೈ ಮೇಲೆತ್ತಿ ಬೀಸಿದೆ. ಹಿರಿಯರೂ ಮೊಣಕಾಲು ಹಿಡಿದುಕೊಂಡು ಎದ್ದು ತಮ್ಮ ಟೋಪಿ ಬೀಸಿದರು, ಎಂಜಿನಿಯರ್ ಎರಡೂ ಕೈ ಬೀಸಿದ. ಅಳಿಯ ನೇರವಾಗಿ ನಮ್ಮ ಕಡೆಗೇ ನಡೆದು ಬರುತ್ತಿದ್ದ.

ಮೂರನೇ ಸಾಲು ಕಣ್ಣಿಗೆ ಬೀಳುವ ಜಾಗ ಬಂದ ಕೂಡಲೇ, ಎಂದಿನ ಹಾಗೆ, ಟೋಪಿಯ ಅಂಚನ್ನು ಕೆಳಗೆಳೆದುಕೊಂಡು ನೆಲ ನೋಡುತ್ತಾ ಒಳಗೆ ಹೋದ. ನನ್ನ ಕೈ ಇನ್ನೂ ಮೇಲೆಯೇ ಇತ್ತು. ಅವನು ಅಂದೂ ನನ್ನ ಮರ್ಯಾದೆ ಕಾಯುತ್ತಿದ್ದ.