ಮೂರು ಊರಿನ ಮಂದಿ ಒಂದೇ ಫೈಲಿನಲ್ಲಿ

ಮೂರನೇ ಸಲ ಕ್ಲಿಕ್ ಮಾಡಿದೆ, ಫೈಲು ತೆರೆಯಲಿಲ್ಲ. ಸಾಸ್ತೂರದ ಗಂಗವ್ವ ಕಾಕು ಕೌಂಟರಿನ ಆಚೆ ನಿಂತಿದ್ದಳು. ಗಂಡ ಬೀರಪ್ಪ ತೀರಿಕೊಂಡು ಹನ್ನೊಂದು ದಿನ. ಗೋಡೆಗೆ ಹಾಕಲು ಅವನ ಫೋಟೋ ಬೇಕಿತ್ತು. ಇದೆಲ್ಲ ಹತ್ತು ವರ್ಷದ ಹಿಂದಿನ ಮಾತು. ಆಗ ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ನನ್ನದೊಂದು ಸ್ಟುಡಿಯೋ ಇತ್ತು, ಆ ಫೋಟೋ ತೆಗೆದವನೂ ನಾನೇ.

“ಸಿಕ್ತೇನೋ ತಮ್ಮಾ?”

“ತಡೀರಿ ಕಾಕು, ಹುಡಕಲತ್ತೀನಿ.”

ಸುಳ್ಳು. ಹುಡುಕಲು ಏನೂ ಉಳಿದಿರಲಿಲ್ಲ.

ಮೊದಲು ನಾನು ಊರಿಗೊಂದು ಫೋಲ್ಡರ್ ಮಾಡಿ, ಫೋಟೋಗೆ ಗಿರಾಕಿಯ ಹೆಸರನ್ನೇ ಇಡುತ್ತಿದ್ದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಅಷ್ಟು ಹೊಳೆದದ್ದೇ ಹೆಚ್ಚು. ಆದರೆ ನಮ್ಮ ಕಡೆ ಕುರಿ ಸಾಕುವವರಲ್ಲಿ ಮನೆಗೊಬ್ಬ ಬೀರಪ್ಪ. ಎರಡನೇ ಬೀರಪ್ಪನನ್ನು ಉಳಿಸುವಾಗ, ಹಳೆಯದನ್ನು ಅಳಿಸಲೇ ಎಂದು ಕಂಪ್ಯೂಟರ್ ಕೇಳುತ್ತಿತ್ತು. ನಾನು ಓದದೆ ಹೌದು ಒತ್ತುತ್ತಿದ್ದೆ. ನಗಬೇಡಿ, ಗುಂಜೋಟಿಯ ವರನ ಬದಲು ಅದೇ ಊರಿನ, ಅದೇ ಹೆಸರಿನ ಮುದುಕನೊಬ್ಬ ಪ್ರಿಂಟಾಗಿ ಹೆಣ್ಣಿನ ಮನೆಗೆ ಹೋದ. ಹೆಣ್ಣಿನ ಅಪ್ಪ ಅಂಗಡಿಗೇ ಬಂದ. “ಇಂವಾ ವರ ಏನಲೇ? ನನ್ನಕಿಂತ ಇಂವಗೇ ಹಲ್ಲು ಕಡಿಮಿ ಅವ!”

ಆಮೇಲೆ ಉದಗೀರದ ಗೆಳೆಯ ಡೇಟಾಬೇಸ್ ಮಾಡಿಕೊಟ್ಟ. ಪ್ರತಿ ಬೀರಪ್ಪನಿಗೂ ಬೇರೆ ನಂಬರ್. “ಫೋಟೋ ಹೊರಗ ಫೋಲ್ಡರ್‌ದಾಗ ಇಡು, ಇದರಾಗ ಬರೇ ಅದು ಎಲ್ಲಿ ಅದ ಅಂತ ಬರಿ. ಎಲ್ಲಾ ಇದರಾಗೇ ತುರುಕಬ್ಯಾಡ,” ಎಂದಿದ್ದ. ನಾನು ಕೇಳುವವನೇ? ಸಾಸ್ತೂರ, ಲೋಹಾರಾ, ಗುಂಜೋಟಿ, ಎಲ್ಲವನ್ನೂ ಒಳಗೆ ತುರುಕಿ ಹೊರಗಿನ ಫೋಲ್ಡರ್‌ಗಳನ್ನು ಅಳಿಸಿಬಿಟ್ಟೆ. ಫೈಲು ಊದಿತು. ಒಂದು ದಿನ ಫೋಟೋ ಉಳಿಸುವ ನಡುವೆ ಕರೆಂಟ್ ಹೋಯಿತು, ಅದರ ಜೊತೆ ಫೈಲೂ ಹೋಯಿತು. ಗೆಳೆಯ ಬಂದು ನೋಡಿ ಕೈಬಿಟ್ಟಿದ್ದ.

“ಇಲ್ರೀ ಕಾಕು, ಹೋಗ್ಯದ,” ಎಂದೆ ಕೊನೆಗೆ. “ಮೂರೂ ಊರಿನ ಮಂದಿ ಹೋಗ್ಯಾರ.”

“ಎಲ್ಲಾರಿಗೂ ಒಂದೇ ಕಡಿ ಇಟ್ಟಿದ್ದೇನು?”

“ಹೂಂ.”

“ಯೆಡಾ ಇದ್ದಿ ನೀ, ಹುಚ್ಚ. ತೊಂಬತ್ಮೂರರ ಭೂಕಂಪದಾಗ ಗ್ವಾಡಿ ಬಿತ್ತಲ್ಲ, ಅದರ ಬುಡಕ ನಮ್ಮ ಟ್ರಂಕ್ ಇತ್ತು. ನಮ್ಮವ್ವಂದು ಇದ್ದದ್ದು ಒಂದೇ ಫೋಟೋ, ಅದರಾಗೇ. ಈಗ ಆಕಿ ಮಾರಿನೇ ನೆನಪಾಗಲ್ಲ ನನಗ.”

ಆಗ ಹೊಳೆಯಿತು. ಸಾಸ್ತೂರದ ಹಿರಿಯರು ಯಾವಾಗಲೂ ಎರಡು ಪ್ರಿಂಟ್ ಕೇಳುತ್ತಿದ್ದರು. ಒಂದು ಮನೆಗೆ, ಒಂದು ಪರ ಊರಿನ ನೆಂಟರಿಗೆ. ಭೂಕಂಪದ ವರ್ಷ ತೊಟ್ಟಿಲಲ್ಲಿದ್ದ ನಾನು ಅದನ್ನು ಶೋಕಿ ಅಂದುಕೊಂಡಿದ್ದೆ. “ನೀವೂ ಎರಡು ಒಯ್ದಿದ್ರಿ ಅಲ್ರೀ ಕಾಕು?” ಎಂದೆ.

“ಮನ್ಯಾಗಿಂದು ಗೆದ್ದಲ ತಿಂದದ. ಇನ್ನೊಂದು ನಿಲಂಗಾದಾಗ ತಂಗಿ ಬಲ್ಲಿ ಅದ. ಅದಕ್ಕ ಕೈ ಹಚ್ಚಬಾರದು ಅಂತ ನಿನ್ನ ಕಡಿ ಬಂದಿದ್ದೆ.”

ಮರುದಿನ ತಂದಳು. ಸ್ಕ್ಯಾನ್ ಮಾಡಿ, ದೊಡ್ಡದು ತೆಗೆದುಕೊಟ್ಟೆ. ನಿಲಂಗಾದ ಫೋಟೋ ಅದೇ ದಿನದ ಬಸ್ಸಿಗೆ ನಿಲಂಗಾಕ್ಕೇ ಹೋಯಿತು, ಸಾಸ್ತೂರದಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ.

ಅಂದಿನಿಂದ ಫೋಟೋ ಫೋಲ್ಡರಿನಲ್ಲಿ, ನಂಬರ್ ಡೇಟಾಬೇಸಿನಲ್ಲಿ, ಎಲ್ಲದರ ನಕಲು ಉದಗೀರದ ಗೆಳೆಯನ ಮನೆಯಲ್ಲಿ. ಸ್ಟುಡಿಯೋ ಮುಚ್ಚಿದೆ, ಈಗ ಎಲ್ಲರ ಕೈಯಲ್ಲೂ ಫೋನಿದೆ. ಇವತ್ತು ಸುಮ್ಮನೆ ಮೊದಲ ನಂಬರ್ ಒತ್ತಿದೆ. ಒಂದೇ ಕ್ಲಿಕ್ಕಿಗೆ ರುಮಾಲು ಸುತ್ತಿದ ಬೀರಪ್ಪ ಕಾಕಾ ಬಂದ.